ಒಂದೇ ಮೇಜು, ಎರಡು ಒಪ್ಪಿಗೆ: ಕೋಠಿಗೆ ಹೋಗುವ ಒಂದು ಲೆಕ್ಕದ ಬಗ್ಗೆ ಟಿಪ್ಪಣಿ

ವೈದ್ಯಕೀಯ ಗರ್ಭಪಾತ ಕಾಯ್ದೆಯಡಿ 2003ರಲ್ಲಿ ಹೊರಬಂದ ನಿಬಂಧನೆಗಳಿಗೆ ಕೆಲವು ನಮೂನೆಗಳು ಲಗತ್ತಾಗಿವೆ. ಅವುಗಳಲ್ಲಿ 2ನೆಯದು ತಿಂಗಳ ಲೆಕ್ಕದ ಹಾಳೆ. ಗರ್ಭಪಾತ ನಡೆಯುವ ಪ್ರತಿ ಆಸ್ಪತ್ರೆಯ ಮುಖ್ಯಸ್ಥರೂ ಅದನ್ನು ತುಂಬಿ ರಾಜ್ಯದ ಮುಖ್ಯ ವೈದ್ಯಾಧಿಕಾರಿಗೆ ಕಳಿಸಬೇಕು. ರಾಜ್ಯದ ಹೆಸರು, ಆಸ್ಪತ್ರೆಯ ಹೆಸರು, ಗರ್ಭಕ್ಕೆ ಎಷ್ಟು ವಾರ, ಹೆಂಗಸಿನ ಧರ್ಮ ಯಾವುದು, ಇಷ್ಟನ್ನು ಕೇಳಿದ ಮೇಲೆ 5ನೇ ಸಾಲಿನಲ್ಲಿ ಗರ್ಭನಿರೋಧವನ್ನು ಒಪ್ಪಿಕೊಂಡು ಮಾಡಿಸಿದ ಗರ್ಭಪಾತಗಳೆಷ್ಟು ಎಂಬ ಪ್ರಶ್ನೆ ಇದೆ. ಅದರ ಕೆಳಗೆ ಎರಡು ಮನೆ: ಒಂದು ಸಂತಾನಹರಣ ಶಸ್ತ್ರಚಿಕಿತ್ಸೆಗೆ, ಇನ್ನೊಂದು ವಂಕಿಗೆ. ಯಾವ ಕಾರಣಕ್ಕಾಗಿ ಗರ್ಭ ತೆಗೆಯಲಾಯಿತು ಎಂಬ ಪ್ರಶ್ನೆ ಬರುವುದು ಇದಾದ ಮೇಲೆ, 6ನೇ ಸಾಲಿನಲ್ಲಿ.

ಈ ಟಿಪ್ಪಣಿಯ ವಿಷಯ ಆ 5ನೇ ಸಾಲಿನ ಮೊದಲ ಮನೆ. ಗರ್ಭ ತೆಗೆಸಲು ಬಂದ ಹೆಂಗಸಿಗೆ ಅದೇ ಭೇಟಿಯಲ್ಲಿ, ಬಹುಮಟ್ಟಿಗೆ ಅದೇ ಮೇಜಿನ ಮೇಲೆ, ಇನ್ನು ಮಕ್ಕಳಾಗದ ಹಾಗೆ ಆಪರೇಷನ್ನೂ ಆಯಿತು ಎಂಬುದನ್ನು ಅದು ಎಣಿಸುತ್ತದೆ. ಎರಡರಲ್ಲಿ ಯಾವುದನ್ನು ಅವಳು ಮೊದಲು ನಿರ್ಧರಿಸಿದ್ದಳು, ಮನೆಯಲ್ಲೇ ಯೋಚಿಸಿಕೊಂಡು ಬಂದಿದ್ದಳೋ ಹೊರರೋಗಿ ವಿಭಾಗದ ಬೆಂಚಿನ ಮೇಲೆ ಒಪ್ಪಿದಳೋ ಎಂಬುದು ಆ ಲೆಕ್ಕಕ್ಕೆ ಸೇರಿದ್ದಲ್ಲ. ಎರಡು ಕ್ರಿಯೆಗಳನ್ನು ಒಟ್ಟಿಗೆ ಮಾಡುವುದಕ್ಕೆ ವೈದ್ಯಶಾಸ್ತ್ರದ ಕಡೆಯಿಂದ ದೊಡ್ಡ ತಕರಾರಿಲ್ಲ. ನನ್ನ ತಕರಾರು ಎರಡು ಒಪ್ಪಿಗೆಗಳ ನಡುವಿನ ಅಂತರದ ಬಗ್ಗೆ. ಎರಡೂ ಒಪ್ಪಿಗೆ ಪತ್ರಗಳಲ್ಲಿ ತಾರೀಖು ಬರೆದಿರುತ್ತದೆ. ಮೇಲಕ್ಕೆ ಹೋಗುವ ಲೆಕ್ಕದಲ್ಲಿ ಆ ತಾರೀಖುಗಳಿಗೆ ಜಾಗವಿಲ್ಲ.

ಈ ಲೆಕ್ಕ ಹೋಗಿ ಸೇರುವ ಹೈದರಾಬಾದಿನ ಕೋಠಿಯನ್ನು ಆರಿಸಿಕೊಂಡದ್ದು ಸುಮ್ಮನೆ ಅಲ್ಲ. ಸುಲ್ತಾನ್ ಬಜಾರಿನ ಸರ್ಕಾರಿ ಹೆರಿಗೆ ಆಸ್ಪತ್ರೆ, ಅದಕ್ಕೆ ಹೊಂದಿಕೊಂಡ ಉಸ್ಮಾನಿಯಾ ವೈದ್ಯಕೀಯ ಕಾಲೇಜು, ರಾಜ್ಯದ ಆರೋಗ್ಯ ಮತ್ತು ಕುಟುಂಬ ಕಲ್ಯಾಣದ ಕಚೇರಿಗಳಿರುವ ಆವರಣ, ಮೂರೂ ಇಲ್ಲಿ ಕಾಲ್ನಡಿಗೆಯ ದೂರದಲ್ಲಿವೆ. ಆಪರೇಷನ್ ಮಾಡುವವರು, ಅದನ್ನು ಕಲಿಸುವವರು, ಅದರ ಲೆಕ್ಕ ಇಡುವವರು ಒಂದೇ ಬೀದಿಯ ಆಸುಪಾಸಿನಲ್ಲಿರುವ ಇಂಥ ಊರುಗಳು ಕಡಿಮೆ. 2014ರಲ್ಲಿ ಆಂಧ್ರಪ್ರದೇಶ ರಾಜ್ಯ ಎರಡಾಗುವವರೆಗೆ ಶ್ರೀಕಾಕುಳದಿಂದ ಆದಿಲಾಬಾದಿನವರೆಗಿನ ಅಂಕಿಗಳೆಲ್ಲ ಬಂದು ಸೇರುತ್ತಿದ್ದುದು ಈ ಆವರಣಕ್ಕೇ. ಸಂತಾನಹರಣದ ಅಂಕಿಗಳಲ್ಲಿ ದೇಶದ ಮುಂಚೂಣಿಯಲ್ಲಿದ್ದ ರಾಜ್ಯ ಅದು. 2005–06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೇ ಅಲ್ಲಿ ಹೆಣ್ಣೊಬ್ಬಳಿಗೆ ಸರಾಸರಿ ಮಕ್ಕಳ ಸಂಖ್ಯೆ 1.8ಕ್ಕೆ ಇಳಿದಿತ್ತು. ಇಳಿಸಿದ್ದು ಮಾತ್ರೆಯೂ ಅಲ್ಲ, ನಿರೋಧೂ ಅಲ್ಲ, ಚಿಕ್ಕ ವಯಸ್ಸಿನಲ್ಲೇ ಆಗಿಬಿಡುವ ಹೆಂಗಸರ ಆಪರೇಷನ್.

ಈ ಜಾಗಕ್ಕೆ ಹಳೆಯ ವೈದ್ಯಕೀಯ ನೆನಪೂ ಇದೆ. ಇಂದಿನ ಸುಲ್ತಾನ್ ಬಜಾರು ಒಂದು ಕಾಲಕ್ಕೆ ಬ್ರಿಟಿಷ್ ರೆಸಿಡೆನ್ಸಿಯ ಬಜಾರು. 1933ರಲ್ಲಿ ಅದರ ಆಡಳಿತ ನಿಜಾಮರಿಗೆ ಮರಳಿತು. ರೆಸಿಡೆನ್ಸಿಯ ಸರ್ಜನ್ ಆಗಿದ್ದ ಎಡ್ವರ್ಡ್ ಲಾರಿ ಕ್ಲೋರೋಫಾರ್ಮ್ ಕೊಡುವುದು ಸುರಕ್ಷಿತವೇ ಎಂದು ಪರೀಕ್ಷಿಸಲು 1888 ಮತ್ತು 1889ರಲ್ಲಿ ನಿಜಾಮ್ ಸರ್ಕಾರದ ಖರ್ಚಿನಲ್ಲಿ ಎರಡು ಆಯೋಗಗಳನ್ನು ನಡೆಸಿದರು. ಎರಡನೆಯದಕ್ಕೆ ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆ ಲಾಡರ್ ಬ್ರಂಟನ್ ಅವರನ್ನು ಕಳಿಸಿತು. ಅರಿವಳಿಕೆ ಕೊಡುವುದನ್ನೇ ವೃತ್ತಿಯಾಗಿಸಿಕೊಂಡ ಮೊದಲ ಹೆಂಗಸರಲ್ಲಿ ಒಬ್ಬರಾದ ರೂಪಾಬಾಯಿ ಫರ್ದೂನ್‌ಜಿ ಬೆಳೆದದ್ದು ಆ ವಾತಾವರಣದಲ್ಲಿ. ಪ್ರಜ್ಞೆ ತಪ್ಪಿದ ದೇಹದ ಜವಾಬ್ದಾರಿ ಯಾರದು ಎಂಬ ಪ್ರಶ್ನೆ ಈ ಭಾಗಕ್ಕೆ ಹೊಸದಲ್ಲ ಎನ್ನುವುದಕ್ಕಷ್ಟೇ ಇದನ್ನು ಹೇಳಿದೆ.

ಕನ್ನಡಿಗರಿಗೂ ಕೋಠಿ ಹೊರಗಿನದಲ್ಲ. 1956ರ ನವೆಂಬರ್ 1ರವರೆಗೆ ಬೀದರ, ಗುಲ್ಬರ್ಗ, ರಾಯಚೂರುಗಳಿಗೆ ಹೈದರಾಬಾದೇ ರಾಜಧಾನಿ. ಕೋಠಿಯಿಂದ ಸ್ವಲ್ಪವೇ ದೂರದ ಕಾಚಿಗುಡದಲ್ಲಿ ನೃಪತುಂಗ ಶಾಲೆಯೂ ಕರ್ನಾಟಕ ಸಾಹಿತ್ಯ ಮಂದಿರವೂ ಇವೆ. ರಾಜ್ಯ ಬೇರೆಯಾದರೂ ಬೀದರ ಕಡೆಯವರಿಗೆ ದೊಡ್ಡ ದವಾಖಾನೆಯೆಂದರೆ ಇಂದಿಗೂ ಹೈದರಾಬಾದು. ಬೆಂಗಳೂರಿಗೆ ಹೋಗುವ ದಾರಿಯಲ್ಲಿ ನಾಲ್ಕನೆಯ ಒಂದು ಭಾಗ ಸವೆಸುವಷ್ಟರಲ್ಲಿ ಇಲ್ಲಿಗೆ ಬಂದು ಮುಟ್ಟಬಹುದು. ಹೀಗೆ ಬರುವ ಹೆಂಗಸಿಗೆ ದಖನಿ ಮಾತು ಅರ್ಥವಾಗುತ್ತದೆ, ತೆಲುಗೂ ಅಷ್ಟಿಷ್ಟು ಬರುತ್ತದೆ. ಓದಲು ಬಂದರೆ ಅದು ಕನ್ನಡ ಮಾತ್ರ. ಸಂತಾನಹರಣದ ಒಪ್ಪಿಗೆಯನ್ನು ಅವಳಿಗೆ ತಿಳಿಯುವ ಭಾಷೆಯಲ್ಲೇ ವಿವರಿಸಿ ಪಡೆಯಬೇಕು ಎಂದು ಕೇಂದ್ರ ಸರ್ಕಾರದ ಕೈಪಿಡಿ ಹೇಳುತ್ತದೆ. ಓದುಬರಹ ಬಾರದವರಿಗೆ ವಿವರಿಸಿ ಹೇಳಿದ್ದೇನೆ ಎಂದು ಸಲಹೆಗಾರರು ಸಹಿ ಹಾಕುವ ಜಾಗವೂ ಆ ಪತ್ರದಲ್ಲಿದೆ. ಕನ್ನಡ ಓದುವವಳ ಮುಂದೆ ತೆಲುಗು ಪತ್ರ ಬಂದರೆ ಅವಳು ಆ ಹೊತ್ತಿಗೆ ಓದುಬರಹ ಬಾರದವಳೇ ಎಂದು ಹಿಡಿಯುವುದು ನ್ಯಾಯ.

ಕಾನೂನಿನ ಕಡೆಗೆ ಬರೋಣ. ಎರಡು ಕ್ರಿಯೆಗಳ ಬೇರುಗಳೂ ಬೇರೆ. ಗರ್ಭಪಾತಕ್ಕೆ ಸಂಸತ್ತು ಮಾಡಿದ ಕಾಯ್ದೆ ಇದೆ. 1964ರಲ್ಲಿ ಶಾಂತಿಲಾಲ್ ಶಾ ಸಮಿತಿ ನೇಮಕವಾಯಿತು, 1966ರ ಕೊನೆಗೆ ವರದಿ ಕೊಟ್ಟಿತು, 1971ರಲ್ಲಿ ಕಾಯ್ದೆ ಬಂತು, 1972ರ ಏಪ್ರಿಲ್ 1ರಂದು ಜಾರಿಯಾಯಿತು. ಮಸೂದೆಯ ಉದ್ದೇಶಗಳಲ್ಲಿ ಹೇಳಿದ್ದು ಆರೋಗ್ಯ, ಮಾನವೀಯತೆ, ಹುಟ್ಟುವ ಮಗುವಿನ ನ್ಯೂನತೆ, ಈ ಮೂರು ಕಾರಣಗಳನ್ನು. ಜನಸಂಖ್ಯೆಯ ಮಾತು ಅಲ್ಲಿಲ್ಲ. ಆದರೆ 3ನೇ ಕಲಮಿನ 2ನೇ ವಿವರಣೆಯಲ್ಲಿ ಅದು ಪಕ್ಕದ ಬಾಗಿಲಿನಿಂದ ಒಳಗೆ ಬಂದಿತ್ತು. ಮಕ್ಕಳ ಸಂಖ್ಯೆ ಮಿತಗೊಳಿಸಲು ವಿವಾಹಿತ ಹೆಂಗಸೋ ಅವಳ ಗಂಡನೋ ಬಳಸಿದ ಸಾಧನ ಕೈಕೊಟ್ಟು ನಿಂತ ಗರ್ಭವನ್ನು ಅವಳ ಮನಸ್ಸಿಗಾದ ಗಂಭೀರ ಹಾನಿಯೆಂದು ಎಣಿಸಬಹುದು ಎಂದು ಆ ವಿವರಣೆ ಹೇಳುತ್ತಿತ್ತು. 2021ರ ತಿದ್ದುಪಡಿ ‘ವಿವಾಹಿತ’ ಎಂಬುದನ್ನು ತೆಗೆದು, ಗಂಡನ ಜಾಗದಲ್ಲಿ ಸಂಗಾತಿಯನ್ನು ತಂದಿತು. ಅದೇ ತಿದ್ದುಪಡಿ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕೆಂದೂ, ನಿಯಮದಲ್ಲಿ ಹೆಸರಿಸಿದ ವರ್ಗದವರಿಗೆ 24 ವಾರದವರೆಗೆ ಇಬ್ಬರ ಅಭಿಪ್ರಾಯ ಬೇಕೆಂದೂ ಗೆರೆ ಎಳೆದಿದೆ. 18 ತುಂಬಿದ ಹೆಂಗಸಿನ ಒಪ್ಪಿಗೆಯೊಂದೇ ಸಾಕು. 18 ತುಂಬದವರ ಮತ್ತು ಬುದ್ಧಿ ಸ್ವಾಧೀನದಲ್ಲಿಲ್ಲದವರ ಸಂಗತಿಯಲ್ಲಿ ಮಾತ್ರ ಪೋಷಕರ ಸಹಿ ಬೇಕು.

ಸಂತಾನಹರಣಕ್ಕೆ ಇಂಥ ಕಾಯ್ದೆ ಇಲ್ಲ. ಇಷ್ಟು ಕೋಟಿ ದೇಹಗಳ ಮೇಲೆ ನಡೆದಿರುವ ಶಸ್ತ್ರಕ್ರಿಯೆ ಕೈಪಿಡಿಗಳ ಮೇಲೂ ಸುಪ್ರೀಂ ಕೋರ್ಟಿನ ಆದೇಶಗಳ ಮೇಲೂ ನಡೆಯುತ್ತಿದೆ. ರಮಾಕಾಂತ್ ರೈ ಪ್ರಕರಣದಲ್ಲಿ 2005ರಲ್ಲಿ ಬಂದ ಆದೇಶದಿಂದ ವೈದ್ಯರ ಪಟ್ಟಿ, ಗುಣಮಟ್ಟ ಸಮಿತಿ, ವಿಮೆ ಇವೆಲ್ಲ ಶುರುವಾದವು. 2006ರಲ್ಲಿ, ಮತ್ತೆ 2014ರಲ್ಲಿ ಮಾನದಂಡಗಳ ಕೈಪಿಡಿ ಬಂತು. ಅದರ ಪ್ರಕಾರ ಹೆಂಗಸಿನ ವಯಸ್ಸು 22ರಿಂದ 49ರ ಒಳಗಿರಬೇಕು, ಮದುವೆಯಾಗಿರಬೇಕು, ವೈದ್ಯಕೀಯ ಕಾರಣವಿಲ್ಲದಿದ್ದರೆ ಒಂದು ವರ್ಷ ದಾಟಿದ ಒಂದಾದರೂ ಮಗು ಇರಬೇಕು. ಗಂಡನ ಸಹಿ ಬೇಡ. ಒಪ್ಪಿಗೆಯನ್ನು ಒತ್ತಾಯದಿಂದಲೂ ಮಂಪರಿನ ಮದ್ದು ಕೊಟ್ಟ ಮೇಲೂ ಪಡೆಯಕೂಡದು.

ಎರಡು ಗೆರೆಗಳು ಒಂದರ ಮೇಲೊಂದು ಸರಿಯಾಗಿ ಕೂರುವುದಿಲ್ಲ ಎಂಬುದನ್ನು ಗಮನಿಸಬೇಕು. 16–17ಕ್ಕೆ ಮದುವೆಯಾಗಿ 20ಕ್ಕೆ ಇಬ್ಬರು ಮಕ್ಕಳ ತಾಯಿಯಾದವಳು ನಮ್ಮ ಕಲ್ಯಾಣ ಕರ್ನಾಟಕದಲ್ಲೂ ತೆಲಂಗಾಣದಲ್ಲೂ ಅಪರೂಪವಲ್ಲ. ಅವಳು ಮೂರನೆಯದನ್ನು ತೆಗೆಸಲು ಬಂದರೆ ಅವಳೊಬ್ಬಳ ಸಹಿಯ ಮೇಲೆ ಗರ್ಭಪಾತ ಮಾಡಬಹುದು, ಆಪರೇಷನ್ ಮಾಡುವ ಹಾಗಿಲ್ಲ. ‘ಆಪರೇಷನ್ ಆದರೆ ಮಾತ್ರ ಗರ್ಭ ತೆಗೆಯುತ್ತೇವೆ’ ಎಂಬ ಬಾಯಿಮಾತಿನ ಷರತ್ತು ಅವಳ ಪಾಲಿಗೆ ಎರಡು ಸಲ ಅಕ್ರಮ: ಕಾಯ್ದೆಯಲ್ಲಿಲ್ಲದ ಷರತ್ತು ಒಂದು, ಕೈಪಿಡಿ ಬೇಡವೆನ್ನುವ ಶಸ್ತ್ರಕ್ರಿಯೆ ಇನ್ನೊಂದು.

ಮೇಜಿನ ಮೇಲೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಒಪ್ಪಿಗೆಯ ಚರ್ಚೆಯಲ್ಲಿ ಇದು ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ. 12 ವಾರದೊಳಗಿನ ಗರ್ಭವಾದರೆ ಮೊದಲು ಕೆಳಗಿನಿಂದ ಕೆಲಸ. ಗರ್ಭಕೋಶದ ಬಾಯಿ ಹಿಗ್ಗಿಸಿ, ಪ್ಲಾಸ್ಟಿಕ್ ನಳಿಕೆ ತೂರಿಸಿ, ಒಳಗಿರುವುದನ್ನು ಹೀರಿ ತೆಗೆಯುತ್ತಾರೆ. ಇದು ನಿಮಿಷಗಳ ಕೆಲಸ. ಹೊರಬಂದದ್ದನ್ನು ನೋಡಿ ಗರ್ಭ ಪೂರ್ತಿ ಬಂದಿದೆಯೆಂದು ಖಚಿತಪಡಿಸಿಕೊಂಡ ಮೇಲೆ ಕೈಗವಸು, ಹೊದಿಕೆ ಬಟ್ಟೆ, ಸಲಕರಣೆ ತಟ್ಟೆ ಎಲ್ಲ ಬದಲಾಗುತ್ತವೆ. ಆಮೇಲೆ ಹೊಟ್ಟೆಯ ಕಡೆಯಿಂದ. ಮಿನಿಲ್ಯಾಪ್ ಆದರೆ ಕೆಳಹೊಟ್ಟೆಯಲ್ಲಿ ಎರಡು ಮೂರು ಸೆಂಟಿಮೀಟರಿನ ಕೊಯ್ತ. ಒಂದೊಂದು ಕಡೆಯ ನಾಳವನ್ನೂ ಹೊರಗೆಳೆದು, ಅದರ ಕುಚ್ಚು ತುದಿ ಕಣ್ಣಿಗೆ ಬೀಳುವವರೆಗೆ ಹಿಂಬಾಲಿಸಿ ನಾಳವೇ ಹೌದೆಂದು ಗುರುತಿಸಿ, ನಡುವಿನ ಭಾಗವನ್ನು ಮಡಿಕೆ ಮಾಡಿ ಕರಗುವ ದಾರದಿಂದ ಕಟ್ಟಿ, ಮಡಿಕೆಯ ತಲೆಯನ್ನು ಕತ್ತರಿಸುತ್ತಾರೆ. ಪೊಮರಾಯ್ ಎಂಬವರ ಹೆಸರಿನ ಈ ವಿಧಾನ ಇವತ್ತಿಗೂ ಸರ್ಕಾರಿ ಆಸ್ಪತ್ರೆಗಳ ನಂಬಿಕೆಯ ವಿಧಾನ. ಗುರುತಿಸುವ ಆ ಒಂದು ಹೆಜ್ಜೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಸುಪ್ರೀಂ ಕೋರ್ಟಿನ 2000ದ ಸಂತ್ರಾ ಪ್ರಕರಣದ ತೀರ್ಪಿದೆ. ಗುಡಗಾಂವಿನ ಕೂಲಿ ಹೆಂಗಸೊಬ್ಬರಿಗೆ ಬಲಗಡೆಯ ನಾಳವನ್ನಷ್ಟೇ ಕಟ್ಟಿದ್ದರು. ಅವರಿಗೆ ಮತ್ತೆ ಹೆಣ್ಣು ಮಗುವಾಯಿತು, ಸರ್ಕಾರ ಪರಿಹಾರ ತೆರಬೇಕಾಯಿತು.

ಉದರದರ್ಶಕದ (ಲ್ಯಾಪರೊಸ್ಕೋಪ್) ಆಪರೇಷನ್ನಿಗೆ ತೆಲುಗು ನಾಡಿನ ಆಸ್ಪತ್ರೆಗಳಲ್ಲಿ ‘ಡಿಪಿಎಲ್’ ಎನ್ನುತ್ತಾರೆ. ಅದನ್ನು ಮೊದಲ ಮೂರು ತಿಂಗಳ ಗರ್ಭಪಾತದ ಜೊತೆ ಮಾಡಬಹುದು. ಅದರಾಚೆ ಬೆಳೆದ ಗರ್ಭ ತೆಗೆದ ಮೇಲೆ ಮಾಡಕೂಡದು. ಆಗ ಗರ್ಭಕೋಶ ದೊಡ್ಡದಾಗಿ, ಮೆತ್ತಗಾಗಿ, ರಕ್ತ ತುಂಬಿಕೊಂಡಿರುತ್ತದೆ. ಕುರುಡಾಗಿ ಚುಚ್ಚುವ ಸಲಕರಣೆ ಎಲ್ಲಿ ಹೋಗಿ ನಾಟೀತೆಂದು ಹೇಳಲಾಗದು. ಮಿನಿಲ್ಯಾಪನ್ನು ಗರ್ಭಪಾತದ ಜೊತೆಗೇ ಮಾಡಬಹುದು, ಸೋಂಕಿಲ್ಲದಿದ್ದರೆ ಮುಂದಿನ 7 ದಿನಗಳ ಒಳಗೂ ಮಾಡಬಹುದು. ಈ ‘7 ದಿನ’ ಎಂಬುದು ನನ್ನ ವಾದಕ್ಕೆ ಮುಖ್ಯ. ಅದೇ ಗಳಿಗೆಯಲ್ಲೇ ಆಗಬೇಕೆಂಬ ವೈದ್ಯಕೀಯ ಅವಸರ ಇಲ್ಲ. ಯೋಚಿಸಲು ಒಂದು ವಾರ ಕೈಪಿಡಿಯಲ್ಲೇ ಇದೆ.

1970ರ ದಶಕದಲ್ಲಿ ಮಾತು ಬೇರೆ ಇತ್ತು. ಆಗ ನಾಲ್ಕೈದು ತಿಂಗಳ ಗರ್ಭ ತೆಗೆಯಲು ಇದ್ದ ದಾರಿಗಳು ಎರಡು ಮೂರೇ: ಗರ್ಭಚೀಲಕ್ಕೆ ಗಟ್ಟಿ ಉಪ್ಪುನೀರು ಹಾಯಿಸುವುದು, ಇಲ್ಲವೆ ಎಥಾಕ್ರಿಡಿನ್ ಎಂಬ ಹಳದಿ ಮದ್ದು ಏರಿಸುವುದು, ಇಲ್ಲವೆ ಸಿಸೇರಿಯನ್ ಹಾಗೆ ಹೊಟ್ಟೆಯನ್ನೇ ಕೊಯ್ದು ಗರ್ಭಕೋಶ ತೆರೆಯುವುದು. ಇನ್ನು ಮಕ್ಕಳು ಬೇಡ ಎನ್ನುವವಳಿಗೆ ಮೂರನೆಯದೇ ಸರಿ ಎಂದು ಪಠ್ಯಪುಸ್ತಕಗಳೇ ಹೇಳುತ್ತಿದ್ದವು. ಹೇಗೂ ಹೊಟ್ಟೆ ತೆರೆದಿದೆ, ನಾಳ ಕೈಗೆ ಸಿಕ್ಕಿದೆ, ಕಟ್ಟಿಬಿಟ್ಟರಾಯಿತು. ಆ ‘ಹೇಗೂ’ ಎಂಬ ತರ್ಕ ಶಸ್ತ್ರಕ್ರಿಯೆಯ ಅನುಕೂಲದಿಂದ ಹುಟ್ಟಿದ್ದು. ಹೊಟ್ಟೆ ಕೊಯ್ಯುವ ಕ್ರಮ ಹಿಂದಕ್ಕೆ ಸರಿದ ಮೇಲೂ ತರ್ಕ ಮಾತ್ರ ಉಳಿದುಕೊಂಡಿದೆ: ಹೆಂಗೂ ಬಂದೀರಿ, ಎರಡೂ ಒಮ್ಮೆಗೇ ಮುಗಿಸಿಕೊಂಡು ಹೋಗ್ರಿ.

ಈ ಮಾತನ್ನು ಬರಿಯ ದಬ್ಬಾಳಿಕೆ ಎಂದು ತಳ್ಳಿಹಾಕುವುದು ಸುಲಭ, ಆದರೆ ಪೂರ್ತಿ ಸರಿಯಲ್ಲ. ಗರ್ಭಪಾತವಾದ ಎರಡೇ ವಾರಗಳೊಳಗೆ ಮತ್ತೆ ಅಂಡ ಬಿಡುಗಡೆಯಾಗಬಹುದು. ಮನೆಗೆ ಹೋದವಳು ಮೂರೇ ತಿಂಗಳಲ್ಲಿ ಮತ್ತೆ ಬಂದದ್ದನ್ನು ಕಾಣದ ಹೆರಿಗೆ ವೈದ್ಯರು ಇರಲಾರರು. ಆ ಹೆಂಗಸಿನ ಕಡೆಯಿಂದಲೂ ನೋಡಿ. ಬೀದರ ಜಿಲ್ಲೆಯ ಔರಾದಿನ ಕಡೆಯಿಂದ ಒಬ್ಬಳು ಬಂದಿದ್ದಾಳೆ. ಮಕ್ಕಳನ್ನು ಅತ್ತಿಗೆಯ ಹತ್ತಿರ ಬಿಟ್ಟಿದ್ದಾಳೆ, ಜೊತೆಗೆ ಬಂದ ಅವ್ವನಿಗೆ ಹೊಲದ ಕೆಲಸವಿದೆ, ಕೂಲಿ ಹೋಗಿದೆ, ಬಸ್ಸಿನ ಖರ್ಚಾಗಿದೆ. ಇನ್ನೊಂದು ಸಲ ಮನೆಯಿಂದ ಹೊರಡುವುದಕ್ಕೆ ಗಂಡ ಒಪ್ಪುತ್ತಾನೆಂಬ ಭರವಸೆ ಇಲ್ಲ. ತಾನೇ ಆಪರೇಷನ್ ಮಾಡಿಸಿಕೊಳ್ಳುವ ಮಾತು ಅವನ ಬಾಯಲ್ಲಿ ಬರುವುದಿಲ್ಲ. 2019–21ರ ಸಮೀಕ್ಷೆಯ ಪ್ರಕಾರ ದೇಶದ ವಿವಾಹಿತ ಹೆಂಗಸರಲ್ಲಿ 37.9 ಶೇಕಡ ಮಂದಿಗೆ ಆಪರೇಷನ್ ಆಗಿದೆ, ಗಂಡಂದಿರದು 0.3 ಶೇಕಡ. ಹೆಂಗಸರ ಅಂಕಿ ಕರ್ನಾಟಕದಲ್ಲಿ 57, ತೆಲಂಗಾಣದಲ್ಲಿ 62, ಆಂಧ್ರದಲ್ಲಿ 70ರ ಹತ್ತಿರ. ತುರ್ತು ಪರಿಸ್ಥಿತಿಯ 1976–77ರಲ್ಲಿ ನಡೆದ ಸುಮಾರು 82 ಲಕ್ಷ ಸಂತಾನಹರಣಗಳಲ್ಲಿ ಗಂಡಸರವೇ ಹೆಚ್ಚು. 1977ರ ಚುನಾವಣೆಯ ನಂತರ ಯಾವ ಸರ್ಕಾರವೂ ಗಂಡಸರ ತಂಟೆಗೆ ಹೋಗುವ ಧೈರ್ಯ ಮಾಡಲಿಲ್ಲ. ಭಾರ ಪೂರ್ತಿ ಹೆಂಗಸರ ಮೇಲೆ ಬಿತ್ತು. ಇಂಥ ಸ್ಥಿತಿಯಲ್ಲಿ ‘ಇವತ್ತೇ ಎರಡನ್ನೂ ಮಾಡಿಬಿಡಿ’ ಎಂದು ಅವಳೇ ಕೇಳಿದರೆ, ‘ಇಲ್ಲಮ್ಮ, ತಿಂಗಳು ಬಿಟ್ಟು ಬಾ’ ಎನ್ನುವುದು ಅವಳ ಹಿತಕ್ಕೆಂದು ಹೇಳಿದ ಅಧಿಕಪ್ರಸಂಗವಾದೀತು.

ಆದರೆ ಅವಳು ಕೇಳಿದ್ದೇ, ಅವಳಿಗೆ ಹೇಳಿದ್ದೇ? ಇಲ್ಲಿ ಗ್ರಾಮೀಣ ಅಧ್ಯಯನಗಳು ನೆರವಿಗೆ ಬರುತ್ತವೆ. ಮನೀಷಾ ಗುಪ್ತೆ, ಸುನೀತಾ ಬಂಡೇವಾರ್ ಮತ್ತು ಹೇಮಲತಾ ಪಿಸಾಳ್ 1990ರ ದಶಕದಲ್ಲಿ ಮಹಾರಾಷ್ಟ್ರದ ಹಳ್ಳಿ ಹೆಂಗಸರ ಜೊತೆ ಮಾತಾಡಿದಾಗ, ಹಣ ಕೊಟ್ಟಾದರೂ ಖಾಸಗಿ ವೈದ್ಯರ ಕಡೆಗೇ ಹೋಗುವುದೇಕೆ ಎಂಬುದಕ್ಕೆ ಸಿಕ್ಕ ಕಾರಣಗಳಲ್ಲಿ ಇದೂ ಒಂದು: ಅಲ್ಲಿ ಗುಟ್ಟು ಉಳಿಯುತ್ತದೆ, ಆಪರೇಷನ್ನಿಗೋ ವಂಕಿಗೋ ಯಾರೂ ಕಾಡುವುದಿಲ್ಲ. ಟಿ.ಕೆ. ಸುಂದರಿ ರವೀಂದ್ರನ್ ಮತ್ತು ಪಿ. ಬಾಲಸುಬ್ರಮಣಿಯನ್ 2004ರಲ್ಲಿ ತಮಿಳುನಾಡಿನ ಬಗ್ಗೆ ಬರೆದದ್ದು ಇನ್ನೂ ಹಿಂದಕ್ಕೆ ಹೋಗುತ್ತದೆ. ಗರ್ಭ ತೆಗೆಸಲು ಹೆಂಗಸಿಗೆ ಅನುಮತಿ ಸಿಗುತ್ತದೆ, ಹಾಸಿಗೆಯಲ್ಲಿ ಬೇಡವೆನ್ನುವ ಹಕ್ಕು ಸಿಗುವುದಿಲ್ಲ ಎಂಬುದು ಅವರು ಕಂಡುಕೊಂಡದ್ದು. ಷರತ್ತಿನ ಭಯಕ್ಕೆ ಸರ್ಕಾರಿ ಆಸ್ಪತ್ರೆ ತಪ್ಪಿಸಿದವಳು ಎಲ್ಲಿಗೆ ಹೋಗುತ್ತಾಳೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ಅಧ್ಯಯನಗಳು ಕೋಠಿಯವಲ್ಲ, ಕೋಠಿಯ ಯಾವ ಆಸ್ಪತ್ರೆಯ ಮೇಲೂ ಅವನ್ನು ಹೊರಿಸುತ್ತಿಲ್ಲ. ಒಂದೇ ಕಾಯ್ದೆ, ಒಂದೇ ನಮೂನೆ, ಒಂದೇ ಕಾರ್ಯಕ್ರಮ ಇರುವ ನೆರೆಯ ನಾಡುಗಳ ಮಾತು ಎಂದು ಓದಿದರೆ ಸಾಕು.

ಹೈದರಾಬಾದಿಗೆ ತನ್ನದೇ ಪಾಠವೂ ಇದೆ. 1980ರ ದಶಕದಲ್ಲಿ ನಗರದ ಅಂಚಿನ ಪಟಾನ್‌ಚೆರುವಿನಲ್ಲಿ ನೆಟ್-ಎನ್ ಎಂಬ ಗರ್ಭನಿರೋಧಕ ಇಂಜೆಕ್ಷನ್ನಿನ ಪ್ರಯೋಗಕ್ಕೆ ಹೆಂಗಸರನ್ನು ಸೇರಿಸಿದ್ದರು. ಇದು ಪ್ರಯೋಗ, ಅಡ್ಡ ಪರಿಣಾಮಗಳಿವೆ ಎಂಬುದನ್ನು ಸ್ತ್ರೀಶಕ್ತಿ ಸಂಘಟನೆಯವರು ಹೋಗಿ ಬಿಡಿಸಿ ಹೇಳಿದ ಮೇಲೆ ಬಹುತೇಕರು ಎದ್ದು ಹೋದರು. ಸಂಘಟನೆ 1986ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು. ಮುಂದೆ ‘ಸವಾಲಕ್ಷ ಸಂದೇಹಾಲು’ ಎಂಬ ಹೆಸರಿನಲ್ಲಿ ಹೆಂಗಸರ ದೇಹದ ಬಗ್ಗೆ ತೆಲುಗಿನಲ್ಲಿ ಪುಸ್ತಕ ತಂದಿತು. ವಿಷಯ ತಿಳಿದ ಮೇಲೆ ಹೆಂಗಸರು ಏನು ಮಾಡುತ್ತಾರೆ ಎಂಬುದು ಪಟಾನ್‌ಚೆರುವಿನಲ್ಲಿ ಒಂದೇ ದಿನದಲ್ಲಿ ಕಂಡಿತು.

ವಿಷಾದದ ಲೆಕ್ಕ ಹೊರದೇಶಗಳಲ್ಲಿ ಚೆನ್ನಾಗಿ ಸಿಗುತ್ತದೆ. ಅಮೆರಿಕದಲ್ಲಿ ಸಾವಿರಾರು ಹೆಂಗಸರನ್ನು ಆಪರೇಷನ್ ನಂತರ 14 ವರ್ಷದವರೆಗೆ ಹಿಂಬಾಲಿಸಿದ ‘ಕ್ರೆಸ್ಟ್’ ಎಂಬ ಅಧ್ಯಯನದ ಫಲಿತಾಂಶ 1999ರಲ್ಲಿ ಬಂತು. 30 ಅಥವಾ ಅದಕ್ಕಿಂತ ಕಡಿಮೆ ವಯಸ್ಸಿನಲ್ಲಿ ಮಾಡಿಸಿಕೊಂಡವರಲ್ಲಿ 20.3 ಶೇಕಡ ಮಂದಿ ಪಶ್ಚಾತ್ತಾಪ ಹೇಳಿಕೊಂಡರು. 30 ದಾಟಿದವರಲ್ಲಿ 5.9 ಶೇಕಡ. ನಮ್ಮ ದೇಶದಲ್ಲಿ ಆಪರೇಷನ್ ಆಗುವ ಮಧ್ಯಾಂಕ (ಮೀಡಿಯನ್) ವಯಸ್ಸು 26ನ್ನೂ ಮುಟ್ಟುವುದಿಲ್ಲ. ಬ್ರಿಟನ್ನಿನ ಪ್ರಸೂತಿ ವೈದ್ಯರ ರಾಯಲ್ ಕಾಲೇಜು 2004ರ ಮಾರ್ಗಸೂಚಿಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಸಾಧ್ಯವಾದಷ್ಟೂ ಗರ್ಭ ಕಳೆದು ಸ್ವಲ್ಪ ಕಾಲವಾದ ಮೇಲೆಯೇ ನಾಳ ಕಟ್ಟಬೇಕು ಎಂದಿತು. ಹೆರಿಗೆಯ ಅಥವಾ ಗರ್ಭಪಾತದ ಜೊತೆಗೇ ಬೇಕೆಂದರೆ ಪಶ್ಚಾತ್ತಾಪ ಹೆಚ್ಚೆಂದೂ, ವಿಫಲವಾಗುವ ಸಂಭವವೂ ಹೆಚ್ಚಿರಬಹುದೆಂದೂ ಅವಳಿಗೆ ತಿಳಿಸಬೇಕು ಎಂದೂ ಹೇಳಿತು.

ಅಮೆರಿಕ ಇದನ್ನು ಕಾನೂನೇ ಮಾಡಿಬಿಟ್ಟಿತು. 1973ರಲ್ಲಿ ಅಲಬಾಮದ ರೆಲ್ಫ್ ಅಕ್ಕತಂಗಿಯರ ಪ್ರಕರಣ, ಲಾಸ್ ಏಂಜಲಿಸ್‌ನಲ್ಲಿ ಹೆರಿಗೆ ನೋವಿನ ನಡುವೆ ಸ್ಪ್ಯಾನಿಷ್ ಮಾತಿನ ಹೆಂಗಸರಿಂದ ಇಂಗ್ಲಿಷ್ ಪತ್ರಗಳಿಗೆ ಸಹಿ ಹಾಕಿಸಿದ ಪ್ರಕರಣ ಹೊರಬಿದ್ದ ಮೇಲೆ 1978ರಲ್ಲಿ ಕೇಂದ್ರ ನಿಯಮ ಬಂತು. ಸರ್ಕಾರಿ ಹಣದಲ್ಲಿ ಸಂತಾನಹರಣ ಮಾಡಬೇಕಾದರೆ ಒಪ್ಪಿಗೆ ಕೊಟ್ಟು 30 ದಿನ ಕಳೆದಿರಬೇಕು. ಹೆಂಗಸು ಹೆರಿಗೆ ನೋವಿನಲ್ಲಿರುವಾಗ, ಗರ್ಭಪಾತ ಕೋರಿ ಬಂದಿರುವಾಗ ಅಥವಾ ಅದು ನಡೆಯುತ್ತಿರುವಾಗ ಪಡೆದ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಇದರ ಇನ್ನೊಂದು ಮುಖವನ್ನೂ ಹೇಳಬೇಕು: ಖಾಸಗಿ ವಿಮೆಯಿರುವ ಹೆಂಗಸಿಗೆ ಈ ಕಾಯುವಿಕೆ ಇಲ್ಲ, ಬಡವಳಿಗಿದೆ, ನಿಜವಾಗಿ ಬೇಕೆಂದು ಕೇಳಿದ ಎಷ್ಟೋ ಬಡ ಹೆಂಗಸರಿಗೆ ಅದು ತಪ್ಪಿಹೋಗುತ್ತದೆ ಎಂದು ಅಲ್ಲಿನ ವೈದ್ಯರೇ ದೂರುತ್ತ ಬಂದಿದ್ದಾರೆ. ಔರಾದಿನಿಂದ ಬಂದವಳಿಗೆ 30 ದಿನದ ನಿಯಮ ಹೇರಿದರೆ ಆಗುವುದೂ ಅದೇ. ಪ್ರಸೂತಿ ವೈದ್ಯರ ಅಂತರರಾಷ್ಟ್ರೀಯ ಒಕ್ಕೂಟವಾದ ಫಿಗೊ 2011ರಲ್ಲಿ ಹೇಳಿದ ಮಾತು ನಮಗೆ ಹೆಚ್ಚು ಹತ್ತಿರ. ಗರ್ಭಪಾತ ಕೇಳಿ ಬಂದ ಗಳಿಗೆಯಂಥ ದುರ್ಬಲ ಹೊತ್ತಿನಲ್ಲಿ ಸಂತಾನಹರಣಕ್ಕೆ ಒಪ್ಪಿಗೆ ಕೇಳಬಾರದು, ಗರ್ಭಪಾತಕ್ಕೆ ಅದನ್ನು ಷರತ್ತಾಗಿಸಲೇಬಾರದು ಎಂದು ಅದು ಹೇಳಿತು.

ನಮ್ಮ ನ್ಯಾಯಾಲಯಗಳೂ ಬೇರೆ ದಾರಿಯಿಂದ ಇಲ್ಲಿಗೇ ಬಂದಿವೆ. 2008ರ ಜನವರಿಯ ಸಮೀರಾ ಕೊಹ್ಲಿ ತೀರ್ಪನ್ನು ಬರೆದವರು ಕರ್ನಾಟಕ ಹೈಕೋರ್ಟಿನಿಂದ ಹೋದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್. ಪರೀಕ್ಷೆಗಾಗಿ ಉದರದರ್ಶಕ ಹಾಕಿಸಿಕೊಳ್ಳಲು ಒಪ್ಪಿ ಪ್ರಜ್ಞೆ ತಪ್ಪಿ ಮಲಗಿದ್ದ ಹೆಂಗಸಿನ ಗರ್ಭಕೋಶವನ್ನು, ಹೊರಗೆ ಕೂತಿದ್ದ ತಾಯಿಯ ಸಹಿ ಪಡೆದು ತೆಗೆದುಹಾಕಿದ್ದರು. ಒಂದು ಕ್ರಿಯೆಗೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ಸಲ್ಲದು, ಜೀವ ಉಳಿಸುವ ತುರ್ತಿದ್ದರೆ ಮಾತ್ರ ವಿನಾಯಿತಿ. ವಯಸ್ಕಳೂ ಸ್ವಸ್ಥಳೂ ಆದವಳ ಪರವಾಗಿ ಬೇರೆ ಯಾರೂ ಒಪ್ಪಲಾರರು ಎಂದು ತೀರ್ಪು ಹೇಳಿತು. ಎರಡಕ್ಕೂ ಸೇರಿಸಿ ಮೊದಲೇ ಒಪ್ಪಿಗೆ ಪಡೆಯುವುದಕ್ಕೆ ಅದು ಅಡ್ಡಿ ಮಾಡಲಿಲ್ಲ. ಆದ್ದರಿಂದ ಗರ್ಭಪಾತದ ಜೊತೆಗಿನ ಆಪರೇಷನ್ ನಿಲ್ಲುವುದು ‘ಮೊದಲೇ’ ಎಂಬುದರ ಮೇಲೆ. 2016ರ ದೇವಿಕಾ ಬಿಸ್ವಾಸ್ ತೀರ್ಪು ಸಂತಾನಹರಣ ಶಿಬಿರಗಳನ್ನು ಮೂರು ವರ್ಷದೊಳಗೆ ನಿಲ್ಲಿಸಲು ಹೇಳಿತು. ಅದಕ್ಕೆ ಮುಂಚೆ, 2014ರ ನವೆಂಬರಿನಲ್ಲಿ ಛತ್ತೀಸಗಢದ ಬಿಲಾಸಪುರದ ಶಿಬಿರಗಳಲ್ಲಿ ಆಪರೇಷನ್ ಆದ 13 ಹೆಂಗಸರು ಸತ್ತಿದ್ದರು. 2022ರ ಸೆಪ್ಟೆಂಬರ್ 29ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯಲ್ಲಿಲ್ಲದ ಷರತ್ತುಗಳನ್ನು ಗರ್ಭಪಾತಕ್ಕೆ ಬಂದವರ ಮೇಲೆ ವೈದ್ಯರು ಹೇರಬಾರದು ಎಂದಿತು. ಅಲ್ಲಿ ಉದಾಹರಣೆಯಾಗಿ ಬಂದದ್ದು ಮನೆಯವರ ಒಪ್ಪಿಗೆ, ದಾಖಲೆ ಪತ್ರ ಇಂಥವು. ಆಪರೇಷನ್ನಿನ ಷರತ್ತೂ ಆ ಸಾಲಿಗೇ ಸೇರಬೇಕಾದದ್ದು.

ಹಾಗಾದರೆ ಷರತ್ತು ಎಲ್ಲಿಂದ ಹುಟ್ಟುತ್ತದೆ? 1996ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಗುರಿಗಳನ್ನು ಕೈಬಿಟ್ಟಿತು. ಎಣಿಸುವುದನ್ನು ಬಿಡಲಿಲ್ಲ, ಪ್ರತಿ ಆಪರೇಷನ್ನಿಗೆ ಹಣ ಹಂಚುವುದನ್ನೂ ಬಿಡಲಿಲ್ಲ. 2007ರ ಕೇಂದ್ರ ಯೋಜನೆಯಲ್ಲಿ ಸರ್ಕಾರಿ ಆಸ್ಪತ್ರೆಯ ಒಂದು ಟ್ಯೂಬೆಕ್ಟಮಿಗೆ 1,000 ರೂಪಾಯಿ. ಮಾಡಿಸಿಕೊಂಡವಳಿಗೆ 600, ಕರೆತಂದವರಿಗೆ 150, ಔಷಧಿಗೆ 100, ಶಸ್ತ್ರವೈದ್ಯರಿಗೆ 75, ಅರಿವಳಿಕೆಯವರಿಗೆ 25, ದಾದಿಗೆ 15, ಸಹಾಯಕರಿಗೆ 15, ತಿಂಡಿಗೆ 10, ಶಿಬಿರದ ನಿರ್ವಹಣೆಗೆ 10. ಯಾವ ವೈದ್ಯರೂ 75 ರೂಪಾಯಿಗಾಗಿ ಹೆಂಗಸನ್ನು ಒತ್ತಾಯಿಸುವುದಿಲ್ಲ ಎಂದೇ ನಾನು ನಂಬುತ್ತೇನೆ. ಆದರೆ ಆ ಪಟ್ಟಿಯಲ್ಲಿ ಅವಳ ಜೊತೆ ಕೂತು ಮಾತಾಡಿದವರಿಗೆ ಎಂದು ಒಂದು ರೂಪಾಯಿಯೂ ಇಲ್ಲ. ಕರೆತರುವುದಕ್ಕೆ ಬೆಲೆಯಿದೆ, ಬೇಡವೆಂದರೆ ಕಳಿಸಿಕೊಡುವುದಕ್ಕೆ ಇಲ್ಲ.

ಲೆಕ್ಕದ ಇನ್ನೊಂದು ವಿಚಿತ್ರ. ಅದೇ ನಿಬಂಧನೆಗಳ 3ನೇ ನಮೂನೆ ಗುಟ್ಟಾಗಿ ಇಡಬೇಕಾದ ದಾಖಲಾತಿ ಪುಸ್ತಕ. ಅದನ್ನು 5 ವರ್ಷ ಕಾಪಾಡಬೇಕು. ಹೆಸರು, ವಯಸ್ಸು, ವಿಳಾಸ, ಗರ್ಭದ ಅವಧಿ, ಕಾರಣ, ಗರ್ಭ ತೆಗೆದ ದಿನ, ಬಿಡುಗಡೆಯ ದಿನ, ಅಭಿಪ್ರಾಯ ಕೊಟ್ಟ ವೈದ್ಯರು, ಮಾಡಿದ ವೈದ್ಯರು ಎಲ್ಲಕ್ಕೂ ಕಾಲಂ ಇದೆ, ಸಂತಾನಹರಣಕ್ಕೆ ಇಲ್ಲ. ಒಬ್ಬೊಬ್ಬ ಹೆಂಗಸಿನ ಮಟ್ಟದಲ್ಲಿ ಬರೆಯದ ಸಂಗತಿಯನ್ನು ತಿಂಗಳ ಕೊನೆಗೆ ಒಟ್ಟು ಸಂಖ್ಯೆಯಾಗಿ ಕೇಳಲಾಗುತ್ತದೆ. ಹೀಗಾಗಿ ಕೋಠಿಗೆ ಬರುವ ಸಂಖ್ಯೆಯನ್ನು ಹಿಂದಕ್ಕೆ ಬಿಡಿಸಿ, ಇವರಲ್ಲಿ 25ರ ಕೆಳಗಿನವರೆಷ್ಟು, ಬೇರೆ ರಾಜ್ಯದವರೆಷ್ಟು ಎಂದು ಕೇಳಿದರೆ ಆ ಪುಸ್ತಕದಲ್ಲಿ ಉತ್ತರ ಸಿಗುವುದಿಲ್ಲ. ಕೇಸ್ ಶೀಟುಗಳನ್ನೇ ಒಂದೊಂದಾಗಿ ತೆರೆಯಬೇಕು.

ಈ ಸಾಲು ತಾನಾಗಿಯೇ ಸವೆಯುತ್ತಿದೆ ಎನ್ನುವವರಿದ್ದಾರೆ, ಅದರಲ್ಲಿ ಹುರುಳಿಲ್ಲದಿಲ್ಲ. 2015ರಲ್ಲಿ ದೇಶದಲ್ಲಿ ನಡೆದ ಸುಮಾರು 1.56 ಕೋಟಿ ಗರ್ಭಪಾತಗಳಲ್ಲಿ ಆಸ್ಪತ್ರೆಗಳಲ್ಲಿ ಆದದ್ದು 22 ಶೇಕಡ, ಆಸ್ಪತ್ರೆಯ ಹೊರಗೆ ಮಾತ್ರೆಯಿಂದ ಆದದ್ದು 73 ಶೇಕಡ ಎಂದು 2018ರಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪ್ರಕಟಿಸಿದ ಅಂದಾಜು ಹೇಳುತ್ತದೆ. ಮಾತ್ರೆಯ ಗರ್ಭಪಾತಕ್ಕೆ ಮೇಜೇ ಇಲ್ಲ, ಆದ್ದರಿಂದ ‘ಹೇಗೂ ಮೇಜಿನ ಮೇಲಿದ್ದಾಳೆ’ ಎಂಬ ತರ್ಕವೂ ಇಲ್ಲ. ಆದರೆ ತಡವಾಗಿ ಬರುವವರು, ಮಾತ್ರೆ ಫಲಿಸದೆ ರಕ್ತ ಹೋಗುತ್ತ ಬರುವವರು, ಕೈಯಲ್ಲಿ ಕಾಸಿಲ್ಲದವರು ಸರ್ಕಾರಿ ಆಸ್ಪತ್ರೆಗೇ ಬರುತ್ತಾರೆ. ಸಂಖ್ಯೆ ಇಳಿದರೂ ಉಳಿದವರು ಹೆಚ್ಚು ನಿರುಪಾಯರು.

ನನ್ನ ಸಲಹೆ ಚಿಕ್ಕದು, ಕಾಯ್ದೆ ತಿದ್ದುವ ಅಗತ್ಯವೂ ಇಲ್ಲ. 3ನೇ ನಮೂನೆಯಲ್ಲಿ ಒಂದು ಕಾಲಂ ಸೇರಲಿ: ಸಂತಾನಹರಣಕ್ಕೆ ಒಪ್ಪಿದ ತಾರೀಖು ಮತ್ತು ಗಂಟೆ, ವಿವರಿಸಿದ ಭಾಷೆ. 2ನೇ ನಮೂನೆಯ 5ನೇ ಸಾಲು ಎರಡಾಗಲಿ: ಗರ್ಭಪಾತಕ್ಕೆ ಬರುವ ಮೊದಲೇ ತೀರ್ಮಾನಿಸಿದ್ದವರು ಎಷ್ಟು, ಬಂದ ಮೇಲೆ ಒಪ್ಪಿದವರು ಎಷ್ಟು. ಎರಡನೆಯ ಗುಂಪಿನವರಿಗೆ ಕೈಪಿಡಿಯಲ್ಲಿರುವ 7 ದಿನಗಳನ್ನು ಪೂರ್ತಿ ಬಿಟ್ಟುಕೊಡಲಿ, ಮತ್ತೆ ಬರುವ ಬಸ್ಸಿನ ಖರ್ಚು ಆ 1,000ದ ಲೆಕ್ಕಕ್ಕೇ ಸೇರಲಿ. ಎರಡನೆಯ ಸಂಖ್ಯೆ ಯಾವ ಆಸ್ಪತ್ರೆಯಲ್ಲಿ ಅತಿಯಾಗಿದೆಯೋ ಅಲ್ಲಿಗೆ ಹೋಗಿ ನೋಡುವ ಕೆಲಸ ಗುಣಮಟ್ಟ ಸಮಿತಿಯದು.

ಅಲ್ಲಿಯವರೆಗೆ, ಬೀದರದಿಂದಲೋ ಕಲಬುರಗಿಯಿಂದಲೋ ಮನೆಯ ಹೆಣ್ಣುಮಗಳೊಬ್ಬಳನ್ನು ಕರೆದುಕೊಂಡು ಹೈದರಾಬಾದಿಗೆ ಹೊರಟವರಿಗೆ ಒಂದು ಮಾತು. ಸಂತಾನಹರಣದ ಒಪ್ಪಿಗೆ ಪತ್ರದಲ್ಲೇ ಬರೆದಿದೆ: ಯಾವ ಗಳಿಗೆಯಲ್ಲಾದರೂ ಬೇಡವೆನ್ನಬಹುದು, ಬೇಡವೆಂದದ್ದಕ್ಕೆ ಉಳಿದ ಯಾವ ಸೇವೆಯೂ ತಪ್ಪುವುದಿಲ್ಲ. ಗರ್ಭಪಾತ ಆ ಉಳಿದ ಸೇವೆಗಳಲ್ಲಿ ಒಂದು. ಸಹಿ ಹಾಕುವ ಮೊದಲು ಆ ಸಾಲನ್ನು ಕನ್ನಡದಲ್ಲಿ ಓದಿ ಹೇಳಲು ಕೇಳಿ.